ಎಷ್ಟು ಬೇಗ ಆದರೆ ಬೇಗ?

ಮಳೆಗಾಲ ಬಂತೆಂದರೆ ಮೈಸೂರು, ಮಂಡ್ಯದ ಕಡೆ ಪತ್ರಿಕೆ ಬಿಡಿಸಿದವರ ಕಣ್ಣು ಕನ್ನಂಬಾಡಿ ಕಟ್ಟೆಯ ಲೆಕ್ಕ ಹುಡುಕುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಕಟ್ಟೆಯಲ್ಲಿ 100 ಅಡಿ ನೀರಿದೆ ಎಂದಷ್ಟೇ ಹೇಳಿದರೆ ಗದ್ದೆ ಇರುವವನಿಗೆ ಸಾಲದು. ಕೊಡಗಿನಲ್ಲಿ ಮಳೆ ಹಿಡಿದು ಒಳಹರಿವು 50 ಸಾವಿರ ಕ್ಯುಸೆಕ್‌ಗೆ ಏರಿದ್ದರೆ ಆ 100 ಅಡಿಯ ಅರ್ಥವೇ ಒಂದು, 2 ಸಾವಿರಕ್ಕೆ ಇಳಿದಿದ್ದರೆ ಇನ್ನೊಂದು. ನೀರು ಎಷ್ಟಿದೆ, ಎಷ್ಟು ಬೇಗ ಏರುತ್ತಿದೆ ಎಂಬೆರಡನ್ನೂ ಅವನು ಒಂದೇ ಉಸಿರಿನಲ್ಲಿ ಕೇಳುತ್ತಾನೆ.

ನೆಟ್‌ವರ್ಕ್ ಕಾಯುವ ನಮ್ಮ ಕಸುಬಿನಲ್ಲಿ ಎರಡನೆಯ ಪ್ರಶ್ನೆ ಹುಟ್ಟುವುದು ತಡವಾಗಿ, ಅದೂ ಮೊದಲನೆಯದು ಕೈಕೊಟ್ಟ ಮೇಲೆ. ಮಾನಿಟರಿಂಗ್ ಸಾಫ್ಟ್‌ವೇರ್ ಹಾಕಿದ ದಿನ ಎಲ್ಲರೂ ಮಾಡುವುದು ಒಂದೇ: ಡಿಸ್ಕ್ ಶೇ 90 ತುಂಬಿದರೆ ಅಲರ್ಟ್, ಲಿಂಕ್ ಶೇ 80 ಮುಟ್ಟಿದರೆ ಅಲರ್ಟ್. ಯಾವ ಕಚೇರಿಗೆ ಹೋದರೂ ಶೇ 93ರಲ್ಲಿ ನಿಂತು ವರ್ಷಗಟ್ಟಲೆ ಕದಲದ ಡಿಸ್ಕ್ ಒಂದಾದರೂ ಸಿಗುತ್ತದೆ. ಗೋಡೆಯ ಪರದೆಯ ಮೇಲೆ ಅದರ ಹೆಸರು ಸದಾ ಕೆಂಪು. ಹೊಸಬರು ಕೇಳಿದರೆ ‘ಅದು ಹಾಗೇ, ಬಿಡಿ’ ಎನ್ನುತ್ತಾರೆ. ಅದರ ಪಕ್ಕದಲ್ಲೇ ಶೇ 40ರಲ್ಲಿ ಹಸಿರಾಗಿ ಕೂತ ಇನ್ನೊಂದು ಡಿಸ್ಕ್, ಯಾರೋ ಡೀಬಗ್ ಲಾಗ್ ಆನ್ ಮಾಡಿ ಮರೆತು ಮನೆಗೆ ಹೋದದ್ದರಿಂದ, ನಿಮಿಷಕ್ಕೆ ಶೇ 1ರಂತೆ ಏರುತ್ತ ಒಂದು ಗಂಟೆಯಲ್ಲಿ ತುಂಬಿ ಸರ್ವರನ್ನೇ ಮಲಗಿಸುತ್ತದೆ. ಶೇ 90 ದಾಟಿದಾಗ ಅಲರ್ಟ್ ಬಂದದ್ದು ನಿಜ. ಅಷ್ಟರಲ್ಲಿ ಉಳಿದದ್ದು ಹತ್ತೇ ನಿಮಿಷ.

ಹಾಗಾದರೆ ವೇಗಕ್ಕೇ ಮಿತಿ ಹಾಕೋಣ ಎನಿಸುವುದು ಸಹಜ. ಯೋಚನೆ ಹೊಸದೇನಲ್ಲ. 1991ರಲ್ಲಿ ಬಂದ ಆರ್‌ಮಾನ್ ಎಂಬ ನೆಟ್‌ವರ್ಕ್ ನಿಗಾ ಮಾನಕದಲ್ಲೇ ಉಪಕರಣಕ್ಕೆ ಎರಡು ಬಗೆಯಲ್ಲಿ ಹೇಳಿಡಬಹುದಿತ್ತು: ಸಂಖ್ಯೆ ಇಷ್ಟಾದರೆ ಕೂಗು, ಇಲ್ಲವೇ ಹಿಂದಿನ ಸಲಕ್ಕೂ ಈ ಸಲಕ್ಕೂ ಇಷ್ಟು ವ್ಯತ್ಯಾಸವಾದರೆ ಕೂಗು. ಇಂದಿನ ಸಾಫ್ಟ್‌ವೇರುಗಳಲ್ಲೂ ಆ ಸೌಲಭ್ಯ ಯಾವುದಾದರೂ ರೂಪದಲ್ಲಿ ಇದ್ದೇ ಇದೆ. ಅಲ್ಲಿ ನಮ್ಮಂಥವರು ಮೊದಲು ಬರೆಯುವ ವಾಕ್ಯ ಹೆಚ್ಚುಕಡಿಮೆ ಹೀಗಿರುತ್ತದೆ: ‘ಐದು ನಿಮಿಷದಲ್ಲಿ ಟ್ರಾಫಿಕ್ ಶೇ 50ಕ್ಕಿಂತ ಹೆಚ್ಚು ಬದಲಾದರೆ ತಿಳಿಸು.’ ಓದಲು ಎಷ್ಟು ಸ್ಪಷ್ಟ! ಆದರೆ ಯಾಕೆ ಐದೇ ನಿಮಿಷ, ಯಾವುದರ ಶೇ 50, ತಿಳಿಸುವುದು ಯಾರಿಗೆ? ಗ್ರಾಫುಗಳನ್ನು ಎಷ್ಟು ದಿಟ್ಟಿಸಿದರೂ ಈ ಮೂರಕ್ಕೆ ಉತ್ತರ ಅಲ್ಲಿಂದ ಎದ್ದು ಬರುವುದಿಲ್ಲ.

ಐದು ನಿಮಿಷದ ಕಥೆ ಕೇಳುವಂಥದ್ದು. 1994–95ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿದ್ದ ಟೋಬಿಯಾಸ್ ಓಟಿಕರ್ ಎಂಆರ್‌ಟಿಜಿ ಎಂಬ ಪುಟ್ಟ ಪ್ರೋಗ್ರಾಂ ಬರೆದ. ಅಲ್ಲಿಂದ ಹೊರಜಗತ್ತಿಗೆ ಇದ್ದದ್ದು 64 ಕಿಲೋಬಿಟ್‌ನ ಲೈನು. ಅದು ಎಷ್ಟು ತುಂಬಿದೆ ಎಂದು ಎಲ್ಲರಿಗೂ ಕಾಣಲೆಂದು, ಐದು ನಿಮಿಷಕ್ಕೊಮ್ಮೆ ರೂಟರಿನ ಕೌಂಟರ್ ಓದಿ ಗ್ರಾಫ್ ಬರೆಯುವ ಕೆಲಸ ಅದಕ್ಕೆ. ಪ್ರೋಗ್ರಾಂ ಜಗತ್ತೆಲ್ಲ ಹರಡಿತು, ಜೊತೆಗೆ ಐದು ನಿಮಿಷವೂ ಹರಡಿತು. ನಂತರ ಬಂದ ಎಷ್ಟೋ ಸಾಧನಗಳು ಅದನ್ನೇ ರೂಢಿ ಮಾಡಿಕೊಂಡವು. 64 ಕಿಲೋಬಿಟ್ ಕಾಲದ ಗಡಿಯಾರ 10 ಗಿಗಾಬಿಟ್ ಕಾಲದ ಗೋಡೆಯ ಮೇಲೆ ನಡೆಯುತ್ತಲೇ ಇದೆ.

ಇದರಿಂದ ಲೆಕ್ಕ ಹೇಗೆ ತಪ್ಪುತ್ತದೆಂದು ಹತ್ತಿರದಿಂದ ನೋಡಬೇಕು. ಹಳೆಯ ಕೌಂಟರುಗಳು 32 ಬಿಟ್‌ನವು. ಸುಮಾರು 429 ಕೋಟಿ ಬೈಟ್ ಎಣಿಸಿದ ಮೇಲೆ ಮತ್ತೆ ಸೊನ್ನೆಯಿಂದ ಶುರು. 100 ಮೆಗಾಬಿಟ್ ಲಿಂಕ್ ಪೂರ್ತಿ ತುಂಬಿ ಹರಿದರೆ ಒಂದು ಸುತ್ತಿಗೆ 5 ನಿಮಿಷ 43 ಸೆಕೆಂಡು ಹಿಡಿಯುತ್ತದೆ, ಐದು ನಿಮಿಷದ ಓದಿಗೆ ಕೂದಲೆಳೆಯಲ್ಲಿ ಸಿಗುತ್ತದೆ. 1 ಗಿಗಾಬಿಟ್ ಆದರೆ ಸುತ್ತಿಗೆ 34 ಸೆಕೆಂಡು. ಐದು ನಿಮಿಷಕ್ಕೊಮ್ಮೆ ತಿರುಗಿ ನೋಡುವವನ ಬೆನ್ನ ಹಿಂದೆ ಕೌಂಟರು ಎಂಟು ಸುತ್ತು ಮುಗಿಸಿ ಒಂಬತ್ತನೆಯದರಲ್ಲಿರುತ್ತದೆ. ಆದರೂ ಒಂದು ಸಂಖ್ಯೆ ಸಿಗುತ್ತದೆ, ಅದರಿಂದ ಗ್ರಾಫೂ ಬರುತ್ತದೆ, ಗ್ರಾಫು ಸಭ್ಯವಾಗಿಯೇ ಕಾಣುತ್ತದೆ. ಇದಕ್ಕೆಂದೇ 64 ಬಿಟ್ ಕೌಂಟರು ಬಂದದ್ದು. ಇನ್ನು ರೂಟರು ರೀಬೂಟ್ ಆದರೆ ಕೌಂಟರು ಸುಮ್ಮನೆ ಸೊನ್ನೆಗೆ ಬೀಳುತ್ತದೆ. ಅದನ್ನು ಪೂರ್ತಿ ಸುತ್ತು ಎಂದು ತಿಳಿದ ಸಾಫ್ಟ್‌ವೇರು 2 ಮೆಗಾಬಿಟ್‌ನ ಬಡ ಲಿಂಕಿನ ಗ್ರಾಫಿನಲ್ಲಿ 100 ಮೆಗಾಬಿಟ್ ದಾಟಿದ ಮುಳ್ಳೊಂದನ್ನು ನಿಲ್ಲಿಸಿಬಿಡುತ್ತದೆ. ವೇಗದ ಅಲರ್ಟ್‌ಗೆ ಅದಕ್ಕಿಂತ ರುಚಿಯಾದ ತುತ್ತು ಬೇರಿಲ್ಲ. ಇಲ್ಲದ ಪ್ರವಾಹಕ್ಕೆ ನಡುರಾತ್ರಿ ಎದ್ದು ಕೂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ತುದಿಯಲ್ಲಿ, ಐದು ನಿಮಿಷ ಎಂಬುದು ಯುಗವೇ ಆಗಿಬಿಡಬಹುದು. 2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ಹುಳು ಅಂತರ್ಜಾಲಕ್ಕೆ ಬಿದ್ದಾಗ ಮೊದಮೊದಲು ಸುಮಾರು 8.5 ಸೆಕೆಂಡಿಗೊಮ್ಮೆ ಇಮ್ಮಡಿಸುತ್ತಿತ್ತು. ತಗಲಬಹುದಾದ ಯಂತ್ರಗಳಲ್ಲಿ ಶೇ 90ರಷ್ಟಕ್ಕೆ ಹತ್ತು ನಿಮಿಷದಲ್ಲಿ ತಗಲಿ ಮುಗಿದಿತ್ತು. ಐದು ನಿಮಿಷಕ್ಕೊಮ್ಮೆ ಓದುವವರ ಗ್ರಾಫಿನಲ್ಲಿ ಆ ಇಡೀ ಕಥೆ ಎರಡು ಚುಕ್ಕೆ.

ಸರಿ, ಹತ್ತು ಸೆಕೆಂಡಿಗೊಮ್ಮೆ ಓದಿದರಾಯಿತಲ್ಲ? ಓದಬಹುದು. ಆಗ ಇನ್ನೊಂದು ತೊಂದರೆ ತಲೆಯೆತ್ತುತ್ತದೆ. ಟ್ರಾಫಿಕ್ ಎಂದು ನಾವು ಕರೆಯುವುದೇ ಒಂದು ವೇಗ: ಸೆಕೆಂಡಿಗೆ ಇಷ್ಟು ಬಿಟ್. ಕೌಂಟರಿನ ಎರಡು ಓದುಗಳನ್ನು ಕಳೆದು ಅದನ್ನು ಪಡೆದಿದ್ದೇವೆ. ಅದು ಬದಲಾಗುವ ವೇಗ ಬೇಕೆಂದರೆ ಮತ್ತೊಮ್ಮೆ ಕಳೆಯಬೇಕು. ಪ್ರತಿ ಕಳೆಯುವಿಕೆಯಲ್ಲೂ ನಿಜವಾದ ಚಲನೆ ಸಣ್ಣದಾಗುತ್ತ, ಅಳತೆಯ ನಡುಕ ದೊಡ್ಡದಾಗುತ್ತ ಹೋಗುತ್ತದೆ. ಕೆಲವು ಸ್ವಿಚ್ಚುಗಳು ತಮ್ಮ ಕೌಂಟರನ್ನು ಕೆಲವು ಸೆಕೆಂಡಿಗೊಮ್ಮೆ ಮಾತ್ರ ನವೀಕರಿಸುತ್ತವೆ. ನೀವು ಅದೇ ಲಯದಲ್ಲಿ, ಚೂರು ಹಿಂದುಮುಂದಾಗಿ ಕೇಳಿದರೆ ಒಂದು ಸಲ ಹಳೆಯ ಸಂಖ್ಯೆಯೇ ಸಿಕ್ಕು ಟ್ರಾಫಿಕ್ ಸೊನ್ನೆ ಎನ್ನುತ್ತದೆ, ಮುಂದಿನ ಸಲ ಇಮ್ಮಡಿ ಎನ್ನುತ್ತದೆ. ಲಿಂಕಿನಲ್ಲಿ ಹರಿಯುತ್ತಿರುವುದು ಮಾತ್ರ ಒಂದೇ ಸಮ. ಪ್ರೊಮಿಥಿಯಸ್ ಎಂಬ ಮಾನಿಟರಿಂಗ್ ಸಾಫ್ಟ್‌ವೇರ್ ಬಳಸುವವರು ವೇಗ ಲೆಕ್ಕ ಹಾಕುವ ಕಿಟಕಿ ಓದುವ ಅವಧಿಯ ನಾಲ್ಕು ಪಟ್ಟಾದರೂ ಇರಲಿ ಎಂದು ಹೊಸಬರಿಗೆ ಹೇಳಿಕೊಡುತ್ತಾರೆ. ಅನುಭವದಿಂದ ಬಂದ ಬುದ್ಧಿ, ಒಳ್ಳೆಯದು.

ಇದು ನಮ್ಮ ಕಸುಬಿಗಿಂತ ಹಳೆಯ ಜಗಳ. 1922ರಲ್ಲಿ ನಿಕೊಲಾಸ್ ಮಿನೋರ್ಸ್ಕಿ ಹಡಗಿನ ಚುಕ್ಕಾಣಿಯನ್ನು ಯಂತ್ರಕ್ಕೆ ಒಪ್ಪಿಸುವ ಬಗ್ಗೆ ಬರೆದಾಗ, ಪಳಗಿದ ಚುಕ್ಕಾಣಿಗ ದಿಕ್ಕು ಎಷ್ಟು ತಪ್ಪಿದೆ ಎಂಬುದರ ಜೊತೆಗೆ ಹಡಗು ಎಷ್ಟು ಬೇಗ ತಿರುಗುತ್ತಿದೆ ಎಂಬುದನ್ನೂ ಗಮನಿಸುತ್ತಾನೆ ಎಂಬುದನ್ನು ಗಣಿತಕ್ಕೆ ಇಳಿಸಿದ. ಆ ಗಣಿತ ಇಂದು ಎಲ್ಲ ಕಾರ್ಖಾನೆಗಳಲ್ಲೂ ಇದೆ. ಆದರೆ ಅದರ ವೇಗದ ಭಾಗವನ್ನು ಎಷ್ಟೋ ಕಡೆ ಸೊನ್ನೆ ಮಾಡಿಯೇ ಇಟ್ಟಿರುತ್ತಾರೆ, ಸೆನ್ಸರಿನ ಸಣ್ಣ ನಡುಕಕ್ಕೂ ವಾಲ್ವುಗಳು ಕುಣಿಯತೊಡಗುತ್ತವೆ ಎಂದು. ಮನುಷ್ಯನಿಗೆ ಕಣ್ಣಳತೆಯಲ್ಲಿ ಬರುವುದು ಯಂತ್ರಕ್ಕೆ ಸುಲಭವಾಗಿ ಬರಲಿಲ್ಲ.

ಇನ್ನು ಶೇ 50. ಯಾವುದರ ಶೇ 50? ಬೆಳಗಿನ ಜಾವ ಮೂರಕ್ಕೆ ಶಾಖಾ ಕಚೇರಿಯ ಲಿಂಕಿನಲ್ಲಿ 2 ಮೆಗಾಬಿಟ್ ಹರಿಯುತ್ತಿರುತ್ತದೆ. ಯಾವುದೋ ಲ್ಯಾಪ್‌ಟಾಪು ಅಪ್‌ಡೇಟ್ ಇಳಿಸಿಕೊಳ್ಳಲು ಶುರುಮಾಡಿದರೆ 6 ಆಗುತ್ತದೆ. ಶೇ 200 ಏರಿಕೆ! ಮಧ್ಯಾಹ್ನ 800 ಮೆಗಾಬಿಟ್ ಹರಿಯುವಾಗ 300 ಮೆಗಾಬಿಟ್‌ನ ದಾಳಿ ಬಂದರೆ ಏರಿಕೆ ಶೇ 37.5, ನಿಯಮಕ್ಕೆ ಕೇಳಿಸುವುದೇ ಇಲ್ಲ. ಶೇಕಡಾವಾರು ಎಂಬುದು ಸೋಮಾರಿಯ ಅಳತೆ ಎಂದು ನನಗೆ ಈಗೀಗ ಅನ್ನಿಸುತ್ತದೆ. ‘ಶೇ 50 ಮತ್ತು ಕನಿಷ್ಠ 100 ಮೆಗಾಬಿಟ್’ ಎಂದು ಎರಡು ಷರತ್ತು ಸೇರಿಸಿದರೆ ಇರುಳಿನ ಗದ್ದಲ ಅರ್ಧಕ್ಕರ್ಧ ನಿಲ್ಲುತ್ತದೆ. ಹಗಲಿನ ದಾಳಿಯನ್ನು ಹಿಡಿಯಲು ಶೇಕಡಾ ಕೇಳದ ಇನ್ನೊಂದು ನಿಯಮವೇ ಬೇಕು.

ದಿನಚರಿಯದೂ ಒಂದು ಪಾಲಿದೆ. ರೈಲ್ವೆಯ ತತ್ಕಾಲ್ ಬುಕಿಂಗ್ ಬೆಳಿಗ್ಗೆ 10ಕ್ಕೆ ಎಸಿ ಬೋಗಿಗಳಿಗೆ, 11ಕ್ಕೆ ಉಳಿದವಕ್ಕೆ ತೆರೆಯುತ್ತದೆ. ಆ ಎರಡು ಕ್ಷಣಗಳಲ್ಲಿ ಗ್ರಾಫು ಗೋಡೆಯಂತೆ ಎದ್ದು ನಿಲ್ಲದಿದ್ದರೆ ಆಗ ಗಾಬರಿಪಡಬೇಕು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನವೂ ಹಾಗೆಯೇ. 2019ರ ಜುಲೈ 10ರಂದು ವಿಶ್ವಕಪ್ ಸೆಮಿಫೈನಲ್‌ನಲ್ಲಿ ಧೋನಿ ಆಡುತ್ತಿದ್ದಾಗ ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 2.53 ಕೋಟಿ ಜನ ನೋಡುತ್ತಿದ್ದರು. ಇಂಥ ಪಂದ್ಯಗಳಲ್ಲಿ ವ್ಯವಸ್ಥೆ ನೋಡಿಕೊಳ್ಳುವವರಿಗೆ ಏರಿಕೆಯಷ್ಟೇ ಇಳಿತವೂ ಭಯದ್ದು. ನೆಚ್ಚಿನ ಆಟಗಾರ ಔಟಾದ ಕೂಡಲೇ ಲಕ್ಷಾಂತರ ಬೆರಳುಗಳು ಹಿಂದಕ್ಕೆ ಒತ್ತುತ್ತವೆ, ವಿಡಿಯೊದ ಗ್ರಾಫ್ ಕುಸಿಯುವ ಗಳಿಗೆಯಲ್ಲೇ ಮುಖಪುಟದ ಸರ್ವರುಗಳ ಗ್ರಾಫ್ ಚಿಮ್ಮುತ್ತದೆ. ಇಳಿತವನ್ನು ಕೇಳದ ನಿಯಮ ಅರೆಗಿವುಡು. ದಿಢೀರನೆ ಟ್ರಾಫಿಕ್ ಇಳಿದರೆ ‘ಲಿಂಕ್ ಆರಾಮಾಗಿದೆ’ ಎಂದು ಹಸಿರು ಬಣ್ಣ ತೋರಿಸುವ ಪರದೆಗಳು ಇಂದಿಗೂ ಇವೆ. ಮುಂದೆ ಎಲ್ಲೋ ದಾರಿ ಕಡಿದು ಯಾರೂ ತಲುಪಲಾಗುತ್ತಿಲ್ಲ ಎಂಬುದಕ್ಕೂ ಅದೇ ಗುರುತು.

ಈ ದಿನಚರಿಯನ್ನು ಸಾಫ್ಟ್‌ವೇರಿಗೇ ಕಲಿಸುವ ದಾರಿಯೂ ಇದೆ. ಹೋಲ್ಟ್-ವಿಂಟರ್ಸ್ ಎಂಬ, 1960ರ ಆಸುಪಾಸಿನ ಅಂದಾಜು ವಿಧಾನವನ್ನು 2000ದಲ್ಲಿ ಜೇಕ್ ಬ್ರಟ್ಲಾಗ್ ಜಾಲದ ಗ್ರಾಫುಗಳಿಗೆ ತಂದ. ನಿನ್ನೆ ಈ ಹೊತ್ತಿಗೆ ಎಷ್ಟಿತ್ತೋ ಅದರ ಆಸುಪಾಸಿನಲ್ಲಿದ್ದರೆ ಸುಮ್ಮನಿರು, ಹೊರಗೆ ಹೋದರೆ ಕೂಗು. ಈಗ ಇದಕ್ಕೆ ಇನ್ನೂ ಝಗಮಗಿಸುವ ಹೆಸರುಗಳಿವೆ, ಬೆಲೆಯೂ ಹಾಗೇ ಇದೆ. ಉಪಯೋಗವಿಲ್ಲ ಎನ್ನಲಾರೆ. ಆದರೆ ಯಂತ್ರಕ್ಕೆ ದಿನ ಗೊತ್ತು, ವಾರ ಗೊತ್ತು, ಪಂಚಾಂಗ ಗೊತ್ತಿಲ್ಲ. ಯುಗಾದಿ, ರಂಜಾನ್, ದೀಪಾವಳಿ ಪ್ರತಿ ವರ್ಷ ಜಾಗ ಬದಲಿಸುತ್ತವೆ. ಹಬ್ಬದ ದಿನ ಕಚೇರಿಯ ಲಿಂಕು ಖಾಲಿಯಾದದ್ದು ಅದಕ್ಕೆ ಅನಾಹುತವಾಗಿ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಕಾಯಿಲೆ ಮೆಲ್ಲಗೆ ಬಂದರೆ ಯಂತ್ರ ಅದನ್ನೇ ಆರೋಗ್ಯವೆಂದು ಕಲಿತುಬಿಡುತ್ತದೆ.

ವೇಗದ ಮಿತಿಯ ನಿಜವಾದ ಕುರುಡು ಇರುವುದು ಇಲ್ಲೇ. 10 ಗಿಗಾಬಿಟ್‌ನ ಎಲ್‌ಆರ್ ಆಪ್ಟಿಕಲ್ ಮಾಡ್ಯೂಲುಗಳಿಗೆ ಎದುರು ತುದಿಯಿಂದ ಬರುವ ಬೆಳಕು ಮೈನಸ್ 14.4 ಡಿಬಿಎಂಗಿಂತ ಕಡಿಮೆಯಾಗಬಾರದು. ನಾನು ಕೆಲಸ ಮಾಡಿದ ಒಂದು ಕಡೆ, ಎರಡು ಕಟ್ಟಡಗಳ ನಡುವಿನ ಫೈಬರಿನಲ್ಲಿ ಬೆಳಕು ಮೈನಸ್ 8ರ ಸುಮಾರಿನಲ್ಲಿತ್ತು. ಕನೆಕ್ಟರಿನಲ್ಲಿ ಧೂಳೋ, ರ‍್ಯಾಕಿನ ಬಾಗಿಲಿಗೆ ಸಿಕ್ಕು ಫೈಬರು ಬಗ್ಗಿತ್ತೋ, ವಾರಕ್ಕೆ ಒಂದೆರಡು ದಶಾಂಶದಂತೆ ಇಳಿಯತೊಡಗಿತು. ಐದು ನಿಮಿಷದ ಲೆಕ್ಕದಲ್ಲಿ ಬದಲಾವಣೆ ಸೊನ್ನೆ. ದಿನದ ಲೆಕ್ಕದಲ್ಲೂ ಹಗಲಿರುಳಿನ ಬಿಸಿ-ತಂಪಿನ ಏರಿಳಿತ ಅದಕ್ಕಿಂತ ಹೆಚ್ಚಿತ್ತು. ತಿಂಗಳುಗಳ ಗ್ರಾಫನ್ನು ಒಂದೇ ಪುಟಕ್ಕೆ ಕುಗ್ಗಿಸಿ ನೋಡಿದ ಸಹೋದ್ಯೋಗಿಯೊಬ್ಬರಿಗೆ ಅದು ನೇರವಾದ ಇಳಿಜಾರಾಗಿ ಕಂಡಿತು. ಅಳತೆಗೋಲು ಹಿಡಿದು ಮುಂದುವರಿಸಿದರೆ ಯಾವ ವಾರ ಲಿಂಕು ಸಾಯುತ್ತದೆಂದು ಹೇಳಬಹುದಿತ್ತು. ಕನೆಕ್ಟರು ಬಿಚ್ಚಿ ಒರೆಸಿ, ಬಾಗಿದ್ದನ್ನು ಬಿಡಿಸಿದ ಮೇಲೆ ಗೆರೆ ಮತ್ತೆ ಮೇಲಕ್ಕೆ ಬಂತು. ಕಿಟಕಿಯ ಅಗಲ ಆರಿಸುವುದೆಂದರೆ ಯಾವ ಕೇಡು ನಮಗೆ ಕಾಣಬೇಕು, ಯಾವುದು ಕಾಣಬಾರದು ಎಂದು ಆರಿಸುವುದೇ. ಎಲ್ಲವನ್ನೂ ತೋರಿಸುವ ಒಂದು ಅಗಲವಿಲ್ಲ. ಹಾಗಾಗಿ ಮಟ್ಟದ ಮಿತಿಯನ್ನು ಕಿತ್ತುಹಾಕಿ ವೇಗದ್ದನ್ನು ಕೂರಿಸುವವರನ್ನು ಕಂಡರೆ ನನಗೆ ಭಯ. ಎರಡೂ ಇರಲಿ, ವೇಗದ್ದೇ ಎರಡು ಅಗಲದಲ್ಲಿರಲಿ.

ಹಾಗೆಂದು ಎಲ್ಲದರ ಮೇಲೂ ಹಾಕುತ್ತ ಹೋದರೆ ಇನ್ನೊಂದು ಗುಂಡಿ. ಒಂದು ಮುಖ್ಯ ಲಿಂಕು ಕಡಿದರೆ ಅದರ ಟ್ರಾಫಿಕ್ ಬೀಳುತ್ತದೆ, ಪರ್ಯಾಯದ್ದು ಏರುತ್ತದೆ, ರೂಟರಿನ ಸಿಪಿಯು ಏರುತ್ತದೆ, ಎರರ್ ಏರುತ್ತದೆ, ಡೇಟಾಬೇಸಿನ ಕಾಯುವ ಸಾಲು ಬೆಳೆಯುತ್ತದೆ. ಎಲ್ಲವೂ ಬದಲಾವಣೆಯೇ, ಎಲ್ಲವೂ ಒಂದೇ ನಿಮಿಷದಲ್ಲಿ. 1994ರ ಜುಲೈ 24ರಂದು ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ತೈಲ ಶುದ್ಧೀಕರಣ ಘಟಕದಲ್ಲಿ ಸ್ಫೋಟವಾಗುವ ಮುನ್ನ, ಕೊನೆಯ 11 ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂ ಬಂದಿದ್ದವು. ಓದಿ ಮುಗಿಸಲೇ ಆಗದ ಎಚ್ಚರಿಕೆ ಯಾರನ್ನು ಎಚ್ಚರಿಸೀತು? 1991ರ ಆರ್‌ಮಾನ್ ಬರೆದವರಿಗೆ ಇದರ ಅರಿವಿತ್ತೆಂದು ಕಾಣುತ್ತದೆ. ಏರುವ ಮಿತಿ, ಇಳಿಯುವ ಮಿತಿ ಎಂದು ಎರಡಿಟ್ಟು, ಒಮ್ಮೆ ಕೂಗಿದ ಮೇಲೆ ಕೆಳಗಿನ ಮಿತಿಗಿಂತ ಇಳಿಯುವವರೆಗೆ ಮತ್ತೆ ಕೂಗಬಾರದು ಎಂದು ಕಟ್ಟುಮಾಡಿದ್ದರು. ಇಂದು ನಮ್ಮ ಕಚೇರಿಗಳಲ್ಲಿ ಕೆಳಗಿನ ಮಿತಿ ತುಂಬುವವರನ್ನು ದೀಪ ಹಿಡಿದು ಹುಡುಕಬೇಕು.

ಮೂರನೆಯ ಪ್ರಶ್ನೆ, ತಿಳಿಸುವುದು ಯಾರಿಗೆ? ಮೊದಲೆರಡಕ್ಕೂ ಉತ್ತರ ಇದರೊಳಗೇ ಇದೆ ಎಂದು ನನಗೆ ಅನ್ನಿಸತೊಡಗಿದೆ. ರಾತ್ರಿ ಆನ್-ಕಾಲ್‌ನಲ್ಲಿರುವ ಹುಡುಗಿಗೆ ಫೋನು ಹೋಗುತ್ತದೆ. ಎದ್ದು, ಲ್ಯಾಪ್‌ಟಾಪ್ ತೆರೆದು, ವಿಪಿಎನ್‌ಗೆ ಓಟಿಪಿ ಹಾಕಿ, ವಿಷಯ ಅರ್ಥ ಮಾಡಿಕೊಳ್ಳಲು ಅರ್ಧ ಗಂಟೆ ಹಿಡಿ. ಡಿಸ್ಕ್ ಆದರೆ ಹಳೆಯ ಲಾಗ್ ಅಳಿಸಲು ಹತ್ತು ನಿಮಿಷ. ಫೈಬರ್ ಆದರೆ ಬೆಸೆಯುವವರು ವ್ಯಾನು ತಗೊಂಡು ಔಟರ್ ರಿಂಗ್ ರೋಡ್ ದಾಟಿ ಬರಬೇಕು, ಅದಕ್ಕೆ ಯಾವ ಸೂತ್ರವೂ ಇಲ್ಲ. ಈ ಹೊತ್ತನ್ನು ಮೊದಲು ಬರೆದುಕೊಂಡರೆ ಮಿತಿ ತಾನಾಗಿ ಸಿಗುತ್ತದೆ. ಪ್ರೊಮಿಥಿಯಸ್‌ನಲ್ಲಿ ಇದಕ್ಕೆ ಒಪ್ಪುವ ಒಂದು ಫಂಕ್ಷನ್ ಇದೆ: ಕಳೆದ ಒಂದು ಗಂಟೆಯ ಇಳಿಜಾರನ್ನು ಮುಂದಕ್ಕೆ ಎಳೆದು, ಇನ್ನು ನಾಲ್ಕು ಗಂಟೆಯಲ್ಲಿ ಡಿಸ್ಕ್ ತುಂಬುತ್ತದೆಯೇ ಎಂದು ಕೇಳಬಹುದು. ಆ ನಾಲ್ಕು ಗಂಟೆ ಎದ್ದು ಬರುವವಳ ಅಗತ್ಯದಿಂದ ಬಂದದ್ದಾದರೆ ಶೇ 93ರಲ್ಲಿ ನಿಂತ ಡಿಸ್ಕ್ ಬಾಯಿ ಮುಚ್ಚುತ್ತದೆ, ಶೇ 40ರದ್ದು ಹೊತ್ತಿಗೆ ಮುಂಚೆ ಬಾಯಿ ಬಿಡುತ್ತದೆ.

ಆದರೆ ಯಾರಿಗೂ ಎದ್ದು ಬರಲು ಹೊತ್ತೇ ಇಲ್ಲದ ಕೇಡುಗಳಿವೆ, ಸ್ಲ್ಯಾಮರ್‌ನಂಥವು. ಅಲ್ಲಿ ಮನುಷ್ಯನನ್ನು ಎಬ್ಬಿಸಿ ಫಲವಿಲ್ಲ, ಯಂತ್ರವೇ ಬಾಗಿಲು ಹಾಕಬೇಕು. ವೇಗ ನೋಡಿ ತಾನೇ ಕಡಿಯುವ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ನಮಗಿಂತ ಹೆಚ್ಚು ಪೆಟ್ಟು ತಿಂದವರು ವಿದ್ಯುತ್ ಗ್ರಿಡ್‌ನವರು. ಅವರ ರಿಲೇಗಳು ಫ್ರೀಕ್ವೆನ್ಸಿ ಎಷ್ಟಿದೆ ಎಂಬುದನ್ನೂ, ಎಷ್ಟು ಬೇಗ ಬೀಳುತ್ತಿದೆ ಎಂಬುದನ್ನೂ ನೋಡಿ ಲೋಡ್ ಕಡಿಯುತ್ತವೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ, ಈ ರಿಲೇಗಳಿಂದ ಸಿಗಬೇಕಾಗಿದ್ದಷ್ಟು ಪರಿಹಾರ ಸಿಗಲಿಲ್ಲ ಎಂದು ವಿಚಾರಣಾ ಸಮಿತಿ ಹೇಳಿತು. ದಕ್ಷಿಣ ಅಂದು ಉಳಿದದ್ದು ಬೇರೆ ಕಾರಣಕ್ಕೆ. ತಾಲ್ಚೇರ್–ಕೋಲಾರದಂಥ ಡಿಸಿ ಕೊಂಡಿಗಳ ಮೂಲಕವಷ್ಟೇ ನಾವು ಅವರಿಗೆ ಅಂಟಿಕೊಂಡಿದ್ದೆವು. ಅವರ ಫ್ರೀಕ್ವೆನ್ಸಿ ನಮ್ಮದಾದದ್ದು 2013ರ ಕೊನೆಯ ದಿನ ರಾಯಚೂರು–ಸೊಲ್ಲಾಪುರ ಲೈನು ಚಾಲೂ ಆದಮೇಲೆ.

ಬ್ರಿಟನ್ನಿನಲ್ಲಿ ಆದದ್ದು ಉತ್ತರ ಭಾರತದ ಕಥೆಗೆ ತದ್ವಿರುದ್ಧ. ಅಲ್ಲಿ ರಿಲೇಗಳು ಕೆಲಸ ಮಾಡಿದವು, ಬೇಡದ ಹೊತ್ತಿನಲ್ಲಿ. ಸಣ್ಣ ಜನರೇಟರುಗಳು ಗ್ರಿಡ್‌ನಿಂದ ಬೇರ್ಪಟ್ಟಿದ್ದನ್ನು ತಾವೇ ಕಂಡುಕೊಂಡು ನಿಲ್ಲಲೆಂದು ಸೆಕೆಂಡಿಗೆ 0.125 ಹರ್ಟ್ಸ್ ಎಂಬ ಮಿತಿ ಇಟ್ಟಿದ್ದರು. ದೈತ್ಯ ಟರ್ಬೈನುಗಳು ತಮ್ಮ ಭಾರದಿಂದಲೇ ಫ್ರೀಕ್ವೆನ್ಸಿಯನ್ನು ಹಿಡಿದಿಡುತ್ತಿದ್ದ ಕಾಲಕ್ಕೆ ಅದು ಸರಿಯಿತ್ತು. ಗಾಳಿ, ಬಿಸಿಲಿನ ವಿದ್ಯುತ್ ಹೆಚ್ಚಿದಂತೆ ಆ ಭಾರ ಕಡಿಮೆಯಾಯಿತು, ಮಿತಿ ಮಾತ್ರ ಅಲ್ಲೇ ಕೂತಿತ್ತು. 2019ರ ಆಗಸ್ಟ್ 9ರಂದು ಸಿಡಿಲು ಬಡಿದು, ಎರಡು ದೊಡ್ಡ ಕೇಂದ್ರಗಳು ಕೈಬಿಟ್ಟವು. ಅದರ ನಡುವೆಯೇ, ಗ್ರಿಡ್‌ಗೆ ಅಂಟಿಕೊಂಡೇ ಇದ್ದ ಸುಮಾರು 350 ಮೆಗಾವಾಟ್‌ನಷ್ಟು ಸಣ್ಣ ಜನರೇಟರುಗಳು ಈ ಮಿತಿಯ ಮಾತು ಕೇಳಿ ತಾವೂ ನಿಂತುಬಿಟ್ಟವು. ಫ್ರೀಕ್ವೆನ್ಸಿ 48.8ಕ್ಕೆ ಬಿತ್ತು, ಸುಮಾರು 11 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ರಿಲೇ ಕೆಟ್ಟಿರಲಿಲ್ಲ, ಬರೆದದ್ದನ್ನೇ ಮಾಡಿತು. ಬರೆದಾಗಿನ ಗ್ರಿಡ್ ಉಳಿದಿರಲಿಲ್ಲ.

ಆ 0.125 ಅನ್ನು 1 ಮಾಡುವ ಕೆಲಸ ಅಲ್ಲಿ ಆಗಲೇ ಶುರುವಾಗಿತ್ತು, ಆ ದಿನದ ನಂತರ ಚುರುಕಾಯಿತು. ಮಾಲೀಕರಿಗೆ ಹಣ ಕೊಟ್ಟು ಒಪ್ಪಿಸಿ, ಸಾವಿರಾರು ಕಡೆ ಒಂದೊಂದೇ ಜನರೇಟರಿನ ಬಳಿ ಹೋಗಿ ತಿದ್ದುತ್ತ 2022ರವರೆಗೆ ನಡೆಯಿತು. ನಮಗೆ ಅಷ್ಟು ಕಷ್ಟವಿಲ್ಲ, ಒಂದು ಫೈಲಿನ ಒಂದು ಸಾಲು ತಿದ್ದಿದರೆ ಮುಗಿಯಿತು. ಆದರೂ ಯಾರೂ ಕೈಹಾಕುವುದಿಲ್ಲ, ಯಾರು ಯಾಕೆ ಆ 50 ಬರೆದರೋ ಎಂಬ ಅಳುಕು. ಪ್ರತಿ ನಿಯಮದ ಕೆಳಗೂ ವಿವರಣೆಗೆಂದು ಒಂದು ಖಾಲಿ ಜಾಗ ಇರುತ್ತದೆ. ನಾನೀಗ ಅಲ್ಲಿ ತಾರೀಖು ಹಾಕಿ, ಆ ದಿನ ಲಿಂಕು ಎಷ್ಟು ದೊಡ್ಡದಿತ್ತು, ಎದ್ದು ಬರುವವರಿಗೆ ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿದ್ದೆ ಎಂದು ಎರಡು ಸಾಲು ಬರೆದಿಡುತ್ತೇನೆ. ಅಳಿಸುವವರಿಗೆ ಅನುಕೂಲವಾಗಲಿ ಎಂದು.